ಮುಕ್ತ ಮೈತ್ರಿಯ ಒಬ್ಬಳೇ ಸದಸ್ಯೆ

೩ ಸೆಪ್ಟೆಂಬರ್, ಮಂಗಳವಾರ

ದೋಲ್ನಿ ಬ್ರ್ಯಾಗ್, ನದಿ ದಂಡೆಯ ನಮ್ಮ ಊರು. ನನ್ನ ಗಂಡ ಲ್ಯುಬೆನ್ ತೀರಿಕೊಂಡು ನಾಲ್ಕು ವಾರ. ಇವತ್ತು ಚಿಕಿತ್ಸಾಲಯದ ಬಾಗಿಲು ತೆರೆದೆ. ಇಬ್ಬರು ಬಂದರು. ಒಬ್ಬರಿಗೆ ದವಡೆಹಲ್ಲಿನಲ್ಲಿ ಹುಳುಕು. ಇನ್ನೊಬ್ಬರಿಗೆ ಏನೂ ಇರಲಿಲ್ಲ, ನನ್ನ ಮುಖ ನೋಡಲು ಬಂದಿದ್ದರು. ಬಾಯಿ ತೆರೆಸಿ ಕೂರಿಸಿದ್ದರಿಂದ ಸಾಂತ್ವನ ಹೇಳಲು ಅವರಿಗೆ ಆಗಲಿಲ್ಲ. ನನ್ನ ವೃತ್ತಿಯಲ್ಲಿ ಇದೊಂದು ಅನುಕೂಲ.

ಮಧ್ಯಾಹ್ನ ಪ್ರೊದಾನ್ ಬಂದ. ವಕೀಲ, ಲಿಬರಲ್ ಪಕ್ಷದ ಇಲ್ಲಿನ ಅಧ್ಯಕ್ಷ, ಲ್ಯುಬೆನ್‌ಗೆ ಶಾಲೆಯಿಂದಲೂ ಗೆಳೆಯ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ರೋಗಿಯ ಕುರ್ಚಿಯಲ್ಲೇ ಕೂತ.

"ಪುರಸಭೆ ಚುನಾವಣೆ ಅಕ್ಟೋಬರ್ ಇಪ್ಪತ್ತೇಳಕ್ಕೆ. ಮೈತ್ರಿ ಪಟ್ಟಿಯಲ್ಲಿ ಲ್ಯುಬೆನ್ ಜಾಗ ಖಾಲಿ ಇದೆ."

"ಗೊತ್ತು."

"ನಾನು ನಮ್ಮೋರ ಹೆಸರು ಹೇಳಿದ್ರೆ ಬಿಲ್ಯಾನಾ ಬೇಡ ಅಂತಾಳೆ. ಅವಳು ಅವಳ ಕಡೆಯೋರ ಹೆಸರು ಹೇಳಿದ್ರೆ ನಾನು ಬೇಡ ಅಂತೀನಿ. ಸಮಾಧಿಯ ಮಣ್ಣು ಒಣಗೋ ಮುಂಚಿಂದ ಇದೇ ಆಟ."

"ಮತ್ತೆ?"

"ಇಬ್ಬರಿಗೂ ಬೇಡ ಅನ್ನೋಕಾಗದ ಹೆಸರು ಒಂದೇ ಇದೆ."

ಅದು ನನ್ನ ಹೆಸರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನನಗೆ ರಾಜಕೀಯ ಬರಲ್ಲ, ಪ್ರೊದಾನ್."

"ಅದೇ ನಿನ್ನ ದೊಡ್ಡ ಅರ್ಹತೆ, ವೆನೆತಾ."

ಮುಕ್ತ ಮೈತ್ರಿ ಹುಟ್ಟಿದ್ದು ಏಪ್ರಿಲ್‌ನಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಸುತ್ತ. ಒಂದು ಕಡೆ ಪ್ರೊದಾನ್‌ನ ಲಿಬರಲ್‌ಗಳು: ವಕೀಲರು, ವೈದ್ಯರು, ಮೂವತ್ತು ವರ್ಷದಿಂದ ಸೋಲುತ್ತಾ ಬಂದವರು. ಇನ್ನೊಂದು ಕಡೆ ಬಿಲ್ಯಾನಾಳ ‘ನಾಗರಿಕರು’. ಅವರು ಒಮ್ಮೆಯೂ ಸೋತಿರಲಿಲ್ಲ, ಯಾಕೆಂದರೆ ಒಮ್ಮೆಯೂ ನಿಂತಿರಲಿಲ್ಲ. ಮಧ್ಯೆ ಬಾಟಲಿ ಹಿಡಿದ ಲ್ಯುಬೆನ್. ಯಾರಾದರೂ ದನಿ ಏರಿಸಿದರೆ ಅವರ ಲೋಟಕ್ಕೆ ರಾಕಿಯಾ ಸುರಿಯುತ್ತಿದ್ದ. ಬಂದರಿನಲ್ಲಿ ಎಂಜಿನಿಯರ್ ಆಗಿದ್ದವನು; ಎರಡು ದೋಣಿಗಳು ಒಂದಕ್ಕೊಂದು ಉಜ್ಜದ ಹಾಗೆ ಮಧ್ಯೆ ಟೈರು ಕಟ್ಟುವುದು ಅವನಿಗೆ ಅಭ್ಯಾಸ. ನಾನು ಸಲಾಡ್ ಹೆಚ್ಚುತ್ತಿದ್ದೆ.

ಯೋಚಿಸಿ ಹೇಳುತ್ತೇನೆ ಎಂದೆ. ಲ್ಯುಬೆನ್ ಇದ್ದಿದ್ದರೆ, "ಮೊದಲು ಹೂಂ ಅನ್ನು, ಯೋಚನೆ ಆಮೇಲೆ" ಎನ್ನುತ್ತಿದ್ದ.

೫ ಸೆಪ್ಟೆಂಬರ್, ಗುರುವಾರ

ಹೂಂ ಎಂದೆ. ಕಾರಣ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ಬೇರೆ ಕಾರಣ ಹೇಳಿಕೊಳ್ಳುತ್ತೇನೆ.

ನಿನ್ನೆ ರೇಡಿಯೊದಲ್ಲಿ ನದಿಯ ಮಟ್ಟ ಓದುತ್ತಿದ್ದರು. ಮೂವತ್ತು ವರ್ಷ ಲ್ಯುಬೆನ್ ಅದನ್ನು ಕಿವಿಗೊಟ್ಟು ಕೇಳುತ್ತಿದ್ದ, ನಾನು ಒಳಗಿನಿಂದ "ಎಷ್ಟಂತೆ?" ಎನ್ನುತ್ತಿದ್ದೆ, ಅವನು ಹೇಳುತ್ತಿದ್ದ. ನನಗೆ ಆ ಅಂಕಿಯಿಂದ ಯಾವ ಉಪಯೋಗವೂ ಇರಲಿಲ್ಲ. ನಿನ್ನೆಯೂ "ಎಷ್ಟಂತೆ?" ಎಂದೆ, ಜೋರಾಗಿಯೇ. ರೇಡಿಯೊ ಮುಂದಿನ ಊರಿನ ಮಟ್ಟ ಓದಿತು.

ಮೈತ್ರಿ ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸ. ಅದು ಉಳಿದರೆ ಅಷ್ಟರಮಟ್ಟಿಗೆ ಅವನೂ ಉಳಿದಂತೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ. ಪುರಸಭೆ ಯಾರ ಕೈಯಲ್ಲಿದ್ದರೂ ಹಲ್ಲು ಹುಳುಕಾಗುತ್ತದೆ.

೧೦ ಸೆಪ್ಟೆಂಬರ್, ಮಂಗಳವಾರ

ಬಿಲ್ಯಾನಾಳ ಡ್ರೈವಿಂಗ್ ಶಾಲೆಯಲ್ಲಿ ಸಭೆ. ಗೋಡೆಯ ತುಂಬಾ ರಸ್ತೆ ಚಿಹ್ನೆಗಳು. ಪ್ರೊದಾನ್ ‘ಪ್ರವೇಶವಿಲ್ಲ’ದ ಕೆಳಗೆ ಕೂತ, ಬೇಕೆಂದೇ ಇರಬೇಕು. ಬಿಲ್ಯಾನಾಗೆ ಮೂವತ್ತೈದರ ಆಸುಪಾಸು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದಾಳೆ. ಯಾರ ಜೊತೆ ಮಾತಾಡುವಾಗಲೂ ಅವಳ ಕಾಲು ಮೇಜಿನ ಕೆಳಗೆ ಬ್ರೇಕು ಹುಡುಕುತ್ತಿರುತ್ತದೆ.

ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಎನ್ನುವುದಕ್ಕೇ ಸಂಜೆ ಮುಗಿಯಿತು.

"ಅನುಭವ ಮುಂದೆ ಇರಬೇಕು," ಎಂದ ಪ್ರೊದಾನ್.

"ಸೋತ ಅನುಭವಾನಾ?"

"ನೀನು ಗೊಂಬೆ ಆಡ್ತಿದ್ದಾಗ ನಾನು ಸೋಫಿಯಾದಲ್ಲಿ ಬೀದೀಲಿ ನಿಂತು ಕೂಗಿದೀನಿ ಕಣಮ್ಮ."

"ಇನ್ನೂ ಅಲ್ಲೇ ನಿಂತಿದೀರಲ್ಲ ಸಾರ್. ಸ್ವಲ್ಪ ಗೇರ್ ಹಾಕಿ."

ಕೊನೆಗೆ ಪ್ರೊದಾನ್ ಒಂದು, ಬಿಲ್ಯಾನಾ ಎರಡು, ನಾನು ಮೂರು. ಪೋಸ್ಟರಿಗೆ ಅವನು ನೀಲಿ ಎಂದ, ಅವಳು ಹಳದಿ ಎಂದಳು. ಹಸಿರಾಯಿತು. ಹಸಿರು ಇಬ್ಬರಿಗೂ ಇಷ್ಟವಿಲ್ಲ. ಲ್ಯುಬೆನ್ ಇದ್ದಿದ್ದರೆ ಲೋಟ ತುಂಬುತ್ತಿದ್ದ. ನಾನು ಎದ್ದು ಕಿಟಕಿ ತೆರೆದೆ, ಅಷ್ಟೇ. ಹೊರಗೆ ಯಾರದೋ ಹಿತ್ತಿಲಿನಲ್ಲಿ ಕೆಂಪು ದೊಣ್ಣೆಮೆಣಸು ಸುಡುತ್ತಿದ್ದರು. ಚಳಿಗಾಲಕ್ಕೆ ಶೀಶೆ ತುಂಬುವ ಕಾಲ. ಈ ವರ್ಷ ನಾನು ತುಂಬುವುದಿಲ್ಲ.

೧೫ ಸೆಪ್ಟೆಂಬರ್, ಭಾನುವಾರ

ನಲವತ್ತನೆಯ ದಿನ. ಸ್ಮಶಾನದಲ್ಲಿ ಪಾದ್ರಿ ಅವಸರದಲ್ಲಿದ್ದ, ಇನ್ನೆಲ್ಲೋ ಮದುವೆಯಿತ್ತು. ಬೇಯಿಸಿದ ಗೋಧಿ ಹಂಚಿದೆ, ಮಣ್ಣಿನ ಮೇಲೆ ವೈನ್ ಸುರಿದೆ.

ನಿನ್ನೆಯೇ ಹೊಸ ಸಾವಿನ ಹಾಳೆ ಅಂಟಿಸಿಯಾಗಿತ್ತು. ಸತ್ತ ದಿನ ಒಂದು, ನಲವತ್ತಕ್ಕೆ ಒಂದು, ಆಮೇಲೆ ವರ್ಷ ವರ್ಷವೂ ಒಂದು, ಸತ್ತವರ ಫೋಟೊ ಬೀದಿಯಲ್ಲಿ ಅಂಟಿಸುವುದು ಇಲ್ಲಿನ ರೂಢಿ. ಸತ್ತ ದಿನದ್ದು ಅಚ್ಚಿನವನು ಕೊಟ್ಟ ಹಾಗೆ ಒಪ್ಪಿಕೊಂಡಿದ್ದೆ. ಗುರುತಿನ ಚೀಟಿಯ ಫೋಟೊ, ಅದರಲ್ಲಿ ಲ್ಯುಬೆನ್ ಯಾರನ್ನೋ ದೂರುತ್ತಿರುವಂತಿದ್ದ. ನಲವತ್ತಕ್ಕೆ ನಾನೇ ಆರಿಸಿದೆ: ನದಿಯ ದಂಡೆಯಲ್ಲಿ ಗಾಳಿಗೆ ಕಣ್ಣು ಕಿರಿದುಮಾಡಿಕೊಂಡು ನಗುತ್ತಿರುವುದು. ಸುತ್ತ ಕಪ್ಪು ಅಂಚು, ಕೆಳಗೆ ಎರಡು ಸಾಲು. ಮನೆಬಾಗಿಲಿಗೆ ಒಂದು, ಚಿಕಿತ್ಸಾಲಯದ ಎದುರಿನ ಕಂಬಕ್ಕೆ ಒಂದು, ಬಂದರಿನ ಗೇಟಿಗೆ, ಬಸ್ ನಿಲ್ದಾಣಕ್ಕೆ. ಕೆಳಮನೆಯ ತ್ಸೋನಾ ಅಜ್ಜಿ ಮೈದಾ ಕುದಿಸಿ ಅಂಟು ಮಾಡಿ ತಂದಿದ್ದಳು.

"ಅಂಗಡಿ ಗೋಂದು ಒಂದು ಮಳೆಗೆ ಬಿಟ್ಕೊಳ್ಳುತ್ತೆ ಕಣೇ. ಇದು ಹಾಕಿದ್ರೆ ನಿನ್ನ ಗಂಡ ಹೊಸ ವರ್ಷದ ತನಕ ಅಲ್ಲಾಡಲ್ಲ."

"ಜೀವಂತ ಇದ್ದಾಗ ಒಂದು ಕಡೆ ನಿಂತವನಲ್ಲ."

"ಈಗ ನಿಲ್ಲಲಿ ಬಿಡು."

ಅಂಟಿಸಿ ಹಿಂದೆ ಸರಿದು ನೋಡಿದೆವು. ದಾರಿಹೋಕನೊಬ್ಬ ನಿಂತು ಪೂರ್ತಿ ಓದಿ, ಮುಂದೆ ಹೋದ. ಇಲ್ಲಿ ಜನ ಪತ್ರಿಕೆ ಓದುವುದಿಲ್ಲ, ಕಂಬ ಓದುತ್ತಾರೆ.

೨೬ ಸೆಪ್ಟೆಂಬರ್, ಗುರುವಾರ

ಪೋಸ್ಟರಿಗೆ ಫೋಟೊ. ತೆಗೆಯುವವನು, "ಹಲ್ಲು ಕಾಣೋ ಹಾಗೆ ನಗಿ ಡಾಕ್ಟರಮ್ಮ, ನಿಮ್ಮ ಅಂಗಡಿಗೂ ಜಾಹೀರಾತಾಯ್ತು" ಎಂದ. ಅದಕ್ಕೇ ನಗು ಬಂತು. ಅದನ್ನೇ ತೆಗೆದ.

ಸಂಜೆ ಬಿಲ್ಯಾನಾ ಫೋನ್ ಮಾಡಿ, ಜನ ನಿಂತು ನೋಡುವ ಜಾಗಗಳು ಯಾವುವು ಎಂದು ಕೇಳಿದಳು. ನನ್ನ ಚಿಕಿತ್ಸಾಲಯದ ಎದುರಿನ ಕಂಬ, ಬಂದರಿನ ಗೇಟು, ಬಸ್ ನಿಲ್ದಾಣ ಎಂದು ಹೇಳಿದೆ.

೩೦ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಕಂಬದ ಬಳಿ ನಾಲ್ಕೈದು ಜನ ನಿಂತಿದ್ದರು. ನನ್ನನ್ನು ಕಂಡು ಚದುರಿದರು.

ಕಂಬದ ಮೇಲೆ ನಾನಿದ್ದೆ. ಹಸಿರು ಹಿನ್ನೆಲೆ, ಹಲ್ಲು ಕಾಣುವ ನಗು, ಕೆಳಗೆ ‘ಹೊಸತಕ್ಕೆ ಜಾಗ ಮಾಡೋಣ’. ಎಡಬದಿಯಲ್ಲಿ ಎರಡು ಬೆರಳಿನಷ್ಟು ಕಪ್ಪು ಅಂಚು ಇಣುಕುತ್ತಿತ್ತು. ನನ್ನನ್ನು ಲ್ಯುಬೆನ್‌ನ ಮೇಲೆ ಅಂಟಿಸಿದ್ದರು.

ಇಲ್ಲಿ ಸಾವಿನ ಹಾಳೆಯನ್ನು ಯಾರೂ ಕೀಳುವುದಿಲ್ಲ, ಯಾರೂ ಮುಚ್ಚುವುದಿಲ್ಲ. ಬಿಸಿಲು ಮಾಸಿಸಬಹುದು, ಮಳೆ ಕರಗಿಸಬಹುದು, ಇಲ್ಲವೇ ಅದೇ ಮನುಷ್ಯನ ಮುಂದಿನ ಹಾಳೆ ಮೇಲೆ ಬರಬಹುದು. ಪುಂಡರು ಕೂಡ ಈ ಮಾತು ಮೀರುವುದಿಲ್ಲ.

ಉಗುರಿನಿಂದ ಮೂಲೆ ಎತ್ತಿ ಎಳೆದೆ. ಅಂಟು ಇನ್ನೂ ಹಸಿ. ನನ್ನ ಗಲ್ಲ ಮತ್ತು ಬಾಯಿ ಕಿತ್ತು ಬಂತು, ಕೆಳಗೆ ಲ್ಯುಬೆನ್‌ನ ನಗು ಕಾಣಿಸಿತು. ಮೇಲೆ ನನ್ನ ಹಣೆ, ನನ್ನ ಕಣ್ಣು. ಕೆಳಗೆ ಅವನ ಬಾಯಿ. ಇನ್ನೂ ಎಳೆದಿದ್ದರೆ ಇಬ್ಬರೂ ಹರಿಯುತ್ತಿದ್ದೆವು. ಹಾಗೇ ಬಿಟ್ಟು ಒಳಗೆ ಹೋಗಿ ಕೈ ತೊಳೆದೆ. ಮೊದಲ ರೋಗಿಗೆ ಒಂಬತ್ತಕ್ಕೆ ಸಮಯ ಕೊಟ್ಟಿದ್ದೆ.

ಮಧ್ಯಾಹ್ನದ ಹೊತ್ತಿಗೆ ತ್ಸೋನಾ ಅಜ್ಜಿ ಊರಿನ ಸುದ್ದಿ ತಂದಳು. "ಗಂಡನ್ನ ಮುಚ್ಚಿಬಿಟ್ಟು ಹಲ್ಲು ಕಿರೀತಾಳೆ ಅಂತಿದಾರೆ. ಮಾರ್ಕೆಟ್ಟಲ್ಲಿ ನಾನು ಇಬ್ಬರ ಬಾಯಿ ಮುಚ್ಚಿಸ್ದೆ. ಮಿಕ್ಕೋರು ತುಂಬಾ ಜನ ಇದ್ರು, ಈರುಳ್ಳಿ ಬೇರೆ ಭಾರ, ಬಂದ್ಬಿಟ್ಟೆ."

ಬಿಲ್ಯಾನಾ ಬಂದಳು. ಕತ್ತಲಿರುವಾಗಲೇ ಒಬ್ಬಳೇ ಕಾರಿನಲ್ಲಿ ಹೋಗಿ ಅಂಟಿಸಿದ್ದಂತೆ. ಕಂಬದಲ್ಲಿ ಏನೋ ಹಾಳೆ ಇದ್ದದ್ದು ಕಂಡಿತ್ತು, ಯಾರದೆಂದು ನೋಡಲಿಲ್ಲವಂತೆ.

"ನೀವು ಹೇಳಿದ ಜಾಗಗಳೇ ಡಾಕ್ಟರಮ್ಮ. ಮೂರೂ ಕಡೆ."

"ಮೂರೂ ಕಡೆ ಅವನ ಮೇಲೇನಾ?"

ಅವಳು ತಲೆ ತಗ್ಗಿಸಿದಳು. ನಾನು ಜಾಗ ಹೇಳುವಾಗ ಅಲ್ಲಿ ಏನಿದೆ ಎಂದು ಹೇಳಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಅವಳಿಗೆ ನೀರು ಕೊಟ್ಟೆ.

ಪ್ರೊದಾನ್ ಫೋನಿನಲ್ಲಿ ಕೂಗಾಡಿದ. ‘ನಾಗರಿಕರು’ ಬಹಿರಂಗವಾಗಿ ಕ್ಷಮೆ ಕೇಳಬೇಕು, ಲಿಬರಲ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಡಬೇಕು. "ಇದು ಮೈತ್ರಿ ಅಲ್ಲ ವೆನೆತಾ, ಇದು ಶವದ ಮೇಲೆ ಪಾರ್ಟಿ!" ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿದೆ. ಅವನು ನನ್ನ ಪರವಾಗಿ ಅಷ್ಟು ನೊಂದುಕೊಂಡಿದ್ದ, ನನಗೆ ನೋಯಲು ಜಾಗ ಉಳಿದಿರಲಿಲ್ಲ.

೪ ಅಕ್ಟೋಬರ್, ಶುಕ್ರವಾರ

ಈ ವಾರ ರೋಗಿಗಳು ಹೆಚ್ಚು. ಹಲ್ಲಿಗಲ್ಲ, ಕಂಬಕ್ಕೆ. ಎದುರು ನಿಂತು ನೋಡಿ, ಆಮೇಲೆ ಒಳಗೆ ಬಂದು ಇಲ್ಲದ ನೋವು ಹೇಳುತ್ತಾರೆ. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಮುದುಕ ಬಾಯಿ ಮುಕ್ಕಳಿಸಿ ಉಗಿದು ಕೇಳಿದ: "ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಓಟು ಹಾಕ್ಬೋದಾ, ಡಾಕ್ಟರಮ್ಮ? ಕಂಬದಲ್ಲಿ ಒಟ್ಟಿಗೇ ಇದೀರಲ್ಲ."

ನನ್ನ ತಂದೆಯ ವಯಸ್ಸಿನವನು. ಕೋಪ ಬರಬೇಕಿತ್ತು. ಬರಲಿಲ್ಲ.

೧೨ ಅಕ್ಟೋಬರ್, ಶನಿವಾರ

ಸಭೆ ರದ್ದು. ಪ್ರೊದಾನ್ ಡ್ರೈವಿಂಗ್ ಶಾಲೆಗೆ ಬರುವುದಿಲ್ಲವಂತೆ, ಬಿಲ್ಯಾನಾ ಅವನ ಕಚೇರಿಗೆ ಹೋಗುವುದಿಲ್ಲವಂತೆ. ನಮ್ಮ ಮನೆಗೆ ಬನ್ನಿ ಎಂದೆ. ಸಲಾಡ್ ಹೆಚ್ಚಿ, ಬಾಟಲಿ ತೆಗೆದಿಟ್ಟು ಕಾದೆ. ಅವನು ಬಂದು ಅರ್ಧ ಗಂಟೆ ಕೂತು ಹೋದ. ಅವನು ಹೋದ ಮೇಲೆ ಅವಳು ಬಂದಳು. ಲೋಟ ತುಂಬಿದರೆ ಸಾಲದು, ಎರಡೂ ಲೋಟ ಒಟ್ಟಿಗೆ ಮೇಜಿನ ಮೇಲಿರಬೇಕು. ಲ್ಯುಬೆನ್ ಅದನ್ನು ಹೇಗೆ ಮಾಡುತ್ತಿದ್ದ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಬೆನ್ನು ಹಾಕಿ ನಿಂತು ಸೌತೆಕಾಯಿ ಹೆಚ್ಚುತ್ತಿದ್ದೆ.

೨೮ ಅಕ್ಟೋಬರ್, ಸೋಮವಾರ

ಇಪ್ಪತ್ತೊಂದು ಸೀಟಿನಲ್ಲಿ ನಮಗೆ ಒಂದು. ಪಟ್ಟಿಯೊಳಗೆ ನನ್ನ ಹೆಸರಿನ ಮುಂದೆ ಗುರುತು ಹಾಕಿದವರೇ ಹೆಚ್ಚು. ಹಾಗಾಗಿ ಆ ಒಂದು ಸೀಟು ಮೊದಲನೆಯವನನ್ನೂ ಎರಡನೆಯವಳನ್ನೂ ದಾಟಿ ಮೂರನೆಯವಳಿಗೆ ಬಂತು.

"ಇದು ಲ್ಯುಬೆನ್‌ಗೆ ಬಿದ್ದ ಓಟು," ಎಂದ ಪ್ರೊದಾನ್.

"ಪೋಸ್ಟರ್‌ಗೆ ಬಿದ್ದ ಓಟು," ಎಂದಳು ಬಿಲ್ಯಾನಾ.

ಇಬ್ಬರೂ ಅಭಿನಂದನೆ ಹೇಳಲು ಮರೆತರು. ತ್ಸೋನಾ ಅಜ್ಜಿ ಮಾತ್ರ ಲೀಕ್ ಸೊಪ್ಪು ತುಂಬಿದ ಪದರ ರೊಟ್ಟಿ, ಬನಿತ್ಸಾ, ಸುಟ್ಟು ತಂದಿಟ್ಟಳು. ಬಿಸಿ ಇರುವಾಗಲೇ ನಿಂತುಕೊಂಡು ತಿಂದೆ.

೧ ನವೆಂಬರ್, ಶುಕ್ರವಾರ

ಮುಕ್ತ ಮೈತ್ರಿ ಇವತ್ತು ಮಧ್ಯಾಹ್ನ ಮುಗಿಯಿತು.

ಭಾನುವಾರ ಮೇಯರ್ ಹುದ್ದೆಗೆ ಎರಡನೇ ಸುತ್ತು. ಈಗಿನ ಮೇಯರನ್ನು ಬೆಂಬಲಿಸೋಣ, ಪ್ರತಿಯಾಗಿ ಏನಾದರೂ ಕೇಳೋಣ ಎನ್ನುವುದು ಪ್ರೊದಾನ್‌ನ ವಾದ. ಯಾರನ್ನೂ ಬೇಡ ಎನ್ನುವುದು ಬಿಲ್ಯಾನಾಳದು. ರಜೆಯ ದಿನವಾದ್ದರಿಂದ ಡ್ರೈವಿಂಗ್ ಶಾಲೆ ತಣ್ಣಗಿತ್ತು, ಎಲ್ಲರೂ ಕೋಟು ತೊಟ್ಟೇ ಕೂತಿದ್ದೆವು.

"ಯಾರಿಗೂ ಕೈ ಕೊಡ್ದೆ ಕೂತ್ರೆ ಕೈ ಶುದ್ಧವಾಗಿರುತ್ತೆ, ಖಾಲೀನೂ ಇರುತ್ತೆ," ಎಂದ ಪ್ರೊದಾನ್.

"ನಿಮ್ಮ ಕೈಲಿ ಏನಿಡ್ತಾರೆ ಅಂತ ಆಗ್ಲೇ ಮಾತಾಗಿದೆಯಾ?"

"ನಾಲಿಗೆ ಬಿಗಿ ಹಿಡಿ ಹುಡುಗಿ."

"ಹುಡುಗಿ ಅನ್ಬೇಡಿ. ನಿಮ್ಮ ಹೆಂಡತಿಗೆ ಪಾರ್ಕಿಂಗ್ ಕಲಿಸಿದೋಳು ನಾನು, ಮೂರು ಸಲ."

ನಾನು ಮಾತಾಡಲು ಬಾಯಿ ತೆರೆದೆ. ಇಬ್ಬರೂ ನನ್ನತ್ತ ತಿರುಗಿದರು. ಆ ಕ್ಷಣಕ್ಕೆ ಸರಿಯಾದ ಮಾತು ಒಂದಿರಬೇಕು, ಲ್ಯುಬೆನ್‌ಗೆ ಗೊತ್ತಿರುತ್ತಿತ್ತು. ನನಗೆ ಸಿಗಲಿಲ್ಲ. ಅವರು ಕಾಯಲೂ ಇಲ್ಲ. ಕಾಲು ಗಂಟೆಯಲ್ಲಿ ಬೇರೆಯಾಗುವ ಕಾಗದಕ್ಕೆ ಸಹಿ ಆಯಿತು. ಹಸಿರು ಬ್ಯಾನರ್ ಯಾರಿಗೂ ಬೇಡವೆಂದು ಬಿಟ್ಟುಹೋದರು. ಮಡಚಿ ಮನೆಗೆ ತಂದೆ.

"ಏಪ್ರಿಲ್‌ನಿಂದ ಇವತ್ತಿನ ತನಕಾನಾ?" ಎಂದಳು ತ್ಸೋನಾ ಅಜ್ಜಿ. "ಹೊಟ್ಟೇಲಿರೋ ಕೂಸಾದ್ರೂ ಇನ್ನೆರಡು ತಿಂಗಳು ತಾಳ್ಕೊಳ್ಳುತ್ತಪ್ಪ."

ಬಂದ ಮೇಲೆ ಅಡುಗೆಮನೆಯಲ್ಲಿ ಕೂತೆ. ಅವನ ಅಂತ್ಯಕ್ರಿಯೆಯ ದಿನ ಮನೆ ತುಂಬ ಜನರಿದ್ದರು. ಇವತ್ತು ಅದು ಇನ್ನೊಮ್ಮೆ ನಡೆದದ್ದು ನನಗೊಬ್ಬಳಿಗೇ ಗೊತ್ತು.

೪ ನವೆಂಬರ್, ಸೋಮವಾರ

ಅದೇ ಮೇಯರ್.

೧೨ ನವೆಂಬರ್, ಮಂಗಳವಾರ

ಪ್ರಮಾಣವಚನ. ಗುಂಪು ಗುಂಪಾಗಿ ಕೂರಿಸುತ್ತಾರೆ. ಮೇಯರ್ ಕಡೆಯವರು ಹತ್ತು, ಎದುರು ಪಕ್ಷದವರು ಹತ್ತು, ನಡುವೆ ಹೀಟರಿನ ಪಕ್ಕ ನನ್ನ ಮೇಜು. ಎರಡೂ ಬದಿಯ ಕುರ್ಚಿ ಖಾಲಿ. ಹತ್ತು ಹತ್ತು ಎಂದರೆ ನನ್ನ ಒಂದು ಕೈ ಎಷ್ಟು ತೂಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಕಾಫಿ ತಂದುಕೊಡಲು ಪೈಪೋಟಿ ನಡೆಯಿತು. ಮೂರು ಕಾಫಿ ಕುಡಿದೆ.

ಮೇಜಿನ ಮೇಲೆ ‘ಮುಕ್ತ ಮೈತ್ರಿ’ ಎಂಬ ಫಲಕವಿತ್ತು. ಗುಮಾಸ್ತೆ ಬಗ್ಗಿ ಮೆಲ್ಲಗೆ ಕೇಳಿದಳು: "ಇದು ಈಗ ಇಲ್ವಲ್ಲ ಡಾಕ್ಟರಮ್ಮ. ‘ಸ್ವತಂತ್ರ’ ಅಂತ ಬರೆಸ್ಲಾ?"

"ಇರಲಿ. ಜನ ಓಟು ಹಾಕಿದ್ದು ಇದಕ್ಕೆ."

"ಆದ್ರೆ ಇದ್ರಲ್ಲಿ ಯಾರಿದಾರೆ?"

"ನಾನಿದ್ದೀನಿ."

೧೯ ನವೆಂಬರ್, ಮಂಗಳವಾರ

ಪ್ರೊದಾನ್ ಬಂದ. ಈಗ ಅವನು ಮೇಯರ್‌ನ ಕಾನೂನು ಸಲಹೆಗಾರ. ಹೊಸ ಕೋಟು. ಈ ಸಲ ರೋಗಿಯ ಕುರ್ಚಿಯಲ್ಲಿ ಕೂರಲಿಲ್ಲ.

ಇಪ್ಪತ್ತೆಂಟಕ್ಕೆ ಸಭೆಯ ಮುಂದೆ ಒಂದು ವಿಷಯ ಬರುತ್ತದೆ. ಹಡಗು ನಿಲ್ದಾಣವನ್ನೂ ಅದರ ಮುಂದಿನ ದಂಡೆಯನ್ನೂ ಕಾಳು ವ್ಯಾಪಾರಿಯೊಬ್ಬನಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಡುವುದು. ಪ್ರಯಾಣಿಕರ ಹಡಗು ನಿಂತು ಎಷ್ಟೋ ವರ್ಷವಾಯಿತು. ಕೆಳಗಿನ ಹಾಲ್ ಮಾತ್ರ ತೆರೆದಿರುತ್ತದೆ, ಚಳಿಗಾಲದಲ್ಲಿ ಅಲ್ಲಿ ಒಲೆ ಉರಿಯುತ್ತದೆ. ಅದು ಲ್ಯುಬೆನ್‌ನ ಹಟ. ಮೇಲಿನ ಮಹಡಿಯನ್ನು ಪುರಸಭೆಗೆ ಬಿಟ್ಟುಕೊಟ್ಟು, ಹಾಲ್ ಮತ್ತು ಒಲೆಯನ್ನು ಊರಿಗೆ ಉಳಿಸಿಕೊಂಡಿದ್ದ. "ಅರ್ಧ ಕೊಟ್ಟು ಅರ್ಧ ಉಳಿಸೋದೇ ಗೆಲುವು" ಎನ್ನುತ್ತಿದ್ದ.

"ಹಾಲ್ ಏನಾಗುತ್ತೆ?" ಎಂದು ಕೇಳಿದೆ.

"ಗೋದಾಮು. ಬೇಲಿ ಬರುತ್ತೆ. ಆದ್ರೆ ಪಕ್ಕದಲ್ಲಿ ಹೂದೋಟಕ್ಕೆ ಒಂದು ತುಂಡು ಬಿಡಿಸಿದೀನಿ ವೆನೆತಾ. ನಾನೇ ಹಟ ಹಿಡಿದೆ. ಅದಕ್ಕೆ ಲ್ಯುಬೆನ್ ಹೆಸರು. ಕಲ್ಲಲ್ಲಿ ಕೆತ್ತಿಸ್ತಾರೆ, ಮುಖಾನೂ ಸೇರಿ. ವಸಂತದ ಹೊತ್ತಿಗೆ ಅನಾವರಣ."

"ಅದಕ್ಕೆ ನಾನು ಕೈ ಎತ್ತಬೇಕು."

"ನಿನ್ನ ಗಂಡನಿಗೇ ಎತ್ತೋ ಕೈ ಅದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಇದನ್ನು ಬರೆಯುವಾಗಲೂ ಆ ಕಲ್ಲು ಕಾಣುತ್ತಿದೆ. ಬಿಳಿಯದು. ಪ್ರತಿ ವರ್ಷ ಹಾಳೆ ಮುದ್ರಿಸಿ, ಅಂಟು ಕಲಸಿ, ಕಂಬ ಸುತ್ತಬೇಕಿಲ್ಲ. ನಾನು ಹೋದ ಮೇಲೆ ಅವನ ಹಾಳೆ ಅಂಟಿಸುವವರು ಯಾರೂ ಇಲ್ಲ, ನಮಗೆ ಮಕ್ಕಳಿಲ್ಲ. ಕಲ್ಲಿಗೆ ಯಾರ ಹಂಗೂ ಬೇಡ.

೨೧ ನವೆಂಬರ್, ಗುರುವಾರ

ಹಡಗು ನಿಲ್ದಾಣಕ್ಕೆ ಹೋದೆ. ಲ್ಯುಬೆನ್ ಬದುಕಿದ್ದಾಗ ಒಳಗೆ ಹೆಜ್ಜೆ ಇಟ್ಟವಳಲ್ಲ. ಅವನ ಮಾತಿನಲ್ಲೇ ಸಾಕಷ್ಟು ನೋಡಿದ್ದೆ ಅನಿಸಿತ್ತು.

ಮಂಜು, ಎದುರು ದಡದ ರೊಮೇನಿಯ ಕಾಣುತ್ತಿರಲಿಲ್ಲ. ಒಳಗೆ ಒಲೆಯ ಸುತ್ತ ಏಳೆಂಟು ಜನ. ಇಬ್ಬರು ಮುದುಕರು ದಾಳ ಉರುಳಿಸಿ ತಾವ್ಲಾ ಆಡುತ್ತಿದ್ದರು. ಒಬ್ಬ ಹೆಂಗಸು ಹೆಣೆಯುತ್ತಿದ್ದಳು. ಗೋಡೆಯ ಮೇಲೆ ಬಾರದ ಹಡಗುಗಳ ವೇಳಾಪಟ್ಟಿ. ಮನೆಯಲ್ಲಿ ಕಟ್ಟಿಗೆ ಉಳಿಸಲು ಬರುತ್ತಾರೆ ಎಂದುಕೊಂಡಿದ್ದೆ. ಹೆಣೆಯುವವಳ ಕೋಟು ನನ್ನದಕ್ಕಿಂತ ಒಳ್ಳೆಯದಿತ್ತು.

ಬೆಂಚಿನ ತುದಿಯಲ್ಲಿ ಕೂತೆ. ಯಾರೂ ಮಾತಾಡಿಸಲಿಲ್ಲ. ಹೆಣೆಯುವವಳು ತುಂಬ ಹೊತ್ತಿನ ಮೇಲೆ ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಇದು ಹಲ್ಲಿಗೆ ಕೆಟ್ಟದ್ದು ಎನ್ನಲು ಹೊರಟು, ಒಂದು ಹಿಡಿ ತೆಗೆದುಕೊಂಡೆ.

೨೨ ನವೆಂಬರ್, ಶುಕ್ರವಾರ

ಮತ್ತೆ ಹೋದೆ. ಇವತ್ತು ಹೆಣೆಯುವವಳು ಹೆಸರು ಹೇಳಿದಳು: ಜೋರ್ನಿತ್ಸಾ. ಮೂರು ವರ್ಷದಿಂದ ದಿನಾ ಬರುತ್ತಾಳಂತೆ.

"ಏನ್ ಹೆಣೀತಿದ್ದೀರಿ?"

"ಏನೂ ಇಲ್ಲ. ಬೆಳಿಗ್ಗೆ ಹೆಣೀತೀನಿ, ಸಂಜೆ ಸರಿ ಬರ್ಲಿಲ್ಲ ಅಂತ ಬಿಚ್ತೀನಿ. ಕೈ ಖಾಲಿ ಇದ್ರೆ ಇವರು ನನ್ನ ಜೊತೆ ತಾವ್ಲಾ ಆಡು ಅಂತಾರೆ, ಗೆದ್ರೆ ಮುನಿಸ್ಕೋತಾರೆ."

"ಕೇಳಿಸ್ತು ಕಣೇ," ಎಂದ ಮುದುಕರಲ್ಲಿ ಒಬ್ಬ, ದಾಳ ಕುಲುಕುತ್ತಾ.

ಹಾಲ್ ಮುಚ್ಚುವ ವಿಷಯ ಅವರಿಗೆ ಗೊತ್ತಿದೆ. ನಾನು ಯಾರೆಂದೂ ಗೊತ್ತಿದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಿತ್ತು.

೨೫ ನವೆಂಬರ್, ಸೋಮವಾರ

ಬಿಲ್ಯಾನಾ. ಫ್ಲಾಸ್ಕಿಗೆ ಚಹಾ ತುಂಬಿಕೊಂಡು ದಂಡೆಗೆ ಹೊರಟಿದ್ದೆ, ಬಾಗಿಲಲ್ಲೇ ಸಿಕ್ಕಳು.

"ನಮ್ಮ ಗುಂಪಿಗೆ ಸೇರ್ತೀನಿ ಅಂತ ನಾಳೆ ಘೋಷಿಸಿ. ಗುರುವಾರ ‘ನಾಗರಿಕರ’ ಹೆಸರಲ್ಲಿ ವಿರುದ್ಧ ಹಾಕಿ. ಟೀವಿಯೋರನ್ನ ನಾನು ಕರೀತೀನಿ."

"ವಿರುದ್ಧ ಹಾಕ್ತೀನಿ ಅಂತ ಯಾರು ಹೇಳಿದ್ದು?"

"ಮತ್ತೆ? ಒಂದು ಕಲ್ಲಿಗೆ ಮಾರ್ಕೊಂಡ್ರಿ ಅಂತ ಊರು ಹೇಳಬೇಕಾ?"

"ಊರು ಹೇಳುತ್ತೋ, ನೀನು ಹೇಳ್ತೀಯೋ?"

ಅವಳು ಕೆಂಪಾದಳು. "ನಿಮ್ಮ ಪೋಸ್ಟರ್ ನಾನು ಅಂಟಿಸಿದೀನಿ ಡಾಕ್ಟರಮ್ಮ, ಚಳಿಯಲ್ಲಿ, ಒಬ್ಬಳೇ. ಎಲ್ರೂ ಬೈದಾಗ ನೀವು ಒಂದು ಮಾತು ನನ್ನ ಪರ ಆಡ್ಲಿಲ್ಲ."

ಅದು ನಿಜ. ಹೌದು ಎಂದೆ. ಗುಂಪಿಗೆ ಮಾತ್ರ ಸೇರುವುದಿಲ್ಲ ಎಂದೆ. ಚಹಾ ಬೇಕಾ ಎಂದು ಕೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ಇವರಿಬ್ಬರೂ ಬರುವುದು ನನ್ನ ಕೈಗಾಗಿ. ಸದ್ಯಕ್ಕೆ ಈ ಊರಿನಲ್ಲಿ ನನ್ನನ್ನು ಹುಡುಕಿಕೊಂಡು ಬರುವವರೂ ಇವರಿಬ್ಬರೇ. ಗುರುವಾರದ ನಂತರ ಒಬ್ಬರು ಬರುವುದಿಲ್ಲ. ಬಹುಶಃ ಇಬ್ಬರೂ.

೨೭ ನವೆಂಬರ್, ಬುಧವಾರ

ಪ್ರೊದಾನ್ ಚಾಕೊಲೇಟ್ ಡಬ್ಬಿ ಹಿಡಿದು ಬಂದ. ಕಲ್ಲಿನ ನಕ್ಷೆಯನ್ನೂ ತಂದಿದ್ದ. ಒಳ್ಳೆಯ ಕೆಲಸ. ಮುಖಕ್ಕೆ ನಾನು ನಲವತ್ತನೇ ದಿನಕ್ಕೆ ಆರಿಸಿದ್ದ ಫೋಟೊವನ್ನೇ ಬಳಸಿದ್ದರು. ಮೇಜಿನ ಮೇಲೆ ಬಿಡಿಸಿಟ್ಟು ಇಬ್ಬರೂ ನೋಡಿದೆವು.

"ಅವನು ಇದ್ದಿದ್ರೆ ಒಪ್ಕೋತಿದ್ದ," ಎಂದ. "ನಿನಗೂ ಗೊತ್ತು."

"ಗೊತ್ತು. ಒಪ್ಪಿಕೊಳ್ತಿದ್ದ."

ಪ್ರೊದಾನ್‌ನ ಮುಖ ಸಡಿಲವಾಯಿತು. ನನ್ನ ಎರಡೂ ಕೈ ಹಿಡಿದು ಒತ್ತಿ, ನಕ್ಷೆ ಇಲ್ಲೇ ಇರಲಿ ಎಂದು ಬಿಟ್ಟುಹೋದ. ಮೆಟ್ಟಿಲಿಳಿಯುವಾಗ ಅವನು ಸಿಳ್ಳೆ ಹಾಕುವುದು ಕೇಳಿಸಿತು. ಹಿಂದೆ ಕರೆಯಬೇಕಿತ್ತು. ಕರೆಯಲಿಲ್ಲ. ನಾಳೆ ಅವನಿಗೆ ಎಲ್ಲರೆದುರು ತಿಳಿಯುತ್ತದೆ, ಅದು ಅನ್ಯಾಯ.

ನಕ್ಷೆಯನ್ನು ಇನ್ನೊಮ್ಮೆ ನೋಡಿ ಸುತ್ತಿಟ್ಟೆ. ಹೂದೋಟದ ಆಚೆ ಬೇಲಿಯನ್ನು ಸಣ್ಣ ಗೆರೆಯಲ್ಲಿ ಬರೆದಿದ್ದಾರೆ. ಬೇಲಿ ಹಾಲ್‌ನ ಬಾಗಿಲಿಗೆ ಅಡ್ಡವಾಗಿ ಹೋಗುತ್ತದೆ. ಜೋರ್ನಿತ್ಸಾ ಆ ಕಲ್ಲಿನ ಪಕ್ಕ ಕೂತು ಹೆಣೆಯುವುದಿಲ್ಲ, ಅಲ್ಲಿ ಒಲೆಯಿಲ್ಲ. ನಾನೂ ಕೂರುವುದಿಲ್ಲ.

ನಾಳೆ ಹತ್ತು ಗಂಟೆಗೆ ಸಭೆ. ಗುತ್ತಿಗೆಯ ಪರ ಯಾರು ಎಂದು ಕೇಳಿದಾಗ ನನ್ನ ಕೈ ಮೇಜಿನ ಮೇಲಿರುತ್ತದೆ. ವಿರುದ್ಧ ಯಾರು ಎಂದಾಗ ಎತ್ತುತ್ತೇನೆ. ಅದಕ್ಕೆ ಮುಂಚೆ ಎರಡು ಮಾತಾಡಬೇಕು, ಕುಳಿತೇ ಆಡಿದರೆ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ, ನಿಂತು ಆಡಬೇಕು.

ಬೆಳಿಗ್ಗೆ ಹತ್ತಕ್ಕೆ ಕ್ರೇನಿನ ಮುದುಕನಿಗೆ ಹಲ್ಲು ಕೀಳುವುದಿತ್ತು. ಫೋನ್ ಮಾಡಿ ಮೂರು ಗಂಟೆಗೆ ಬರಲು ಹೇಳಿದೆ. ನೋವು ತಡೆಯುತ್ತೀರಾ ಎಂದು ಕೇಳಿದೆ. ಒಂದು ದಿನ ತಡೆಯಬಹುದು ಎಂದ.